ವೀಣೆಯ ಬಲಗೈಗೆ ಭಾಷೆ ಬರಬೇಕು

ವೀಣೆ ಕಲಿಯುವವರ ಗಮನವೆಲ್ಲ ಎಡಗೈ ಮೇಲಿರುತ್ತದೆ. ಗಮಕ (ಸ್ವರದ ತೂಗಾಟ) ಹುಟ್ಟುವುದು ಅಲ್ಲಿ, ಜಾರು ಬರುವುದು ಅಲ್ಲಿ, ತಂತಿ ಎಳೆದು ಮೇಲಿನ ಸ್ವರ ಮುಟ್ಟುವುದೂ ಅಲ್ಲೇ. ಬಲಗೈ ತಾಳ ತಪ್ಪದೆ ಮೀಟುತ್ತಿದ್ದರೆ ಸಾಕು ಎಂಬ ಭಾವನೆ ಬಹಳ ಜನರಲ್ಲಿದೆ. ಆದರೆ ಕೃತಿಯ ಸಾಹಿತ್ಯ, ಅಂದರೆ ಹಾಡಿನ ಮಾತು, ಕೇಳುಗರನ್ನು ತಲುಪುವುದು ಬಲಗೈಯಿಂದಲೇ. ಒಂದು ಅಕ್ಷರಕ್ಕೆ ಒಂದು ಮೀಟು. ಆ ಅಕ್ಷರ ನಾಲ್ಕು ಸ್ವರಗಳ ಮೇಲೆ ಹರಿದರೂ ಅದನ್ನು ಎಡಗೈ ನೋಡಿಕೊಳ್ಳಬೇಕು. ಮುಂದಿನ ಅಕ್ಷರ ಬರುವ ತನಕ ಬಲಗೈ ಸುಮ್ಮನಿರಬೇಕು. ಅಕ್ಷರ ಎಲ್ಲಿ ಶುರುವಾಗುತ್ತದೆ, ಪದ ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿಲ್ಲದವರು ಈ ಸುಮ್ಮನಿರುವಿಕೆಯನ್ನು ಕಲಿಯಲಾರರು. ಖಾಲಿ ಜಾಗ ಕಂಡಲ್ಲೆಲ್ಲ ಮೀಟುತ್ತಾರೆ. ರಾಗ ಸರಿ ಇರುತ್ತದೆ, ತಾಳ ಸರಿ ಇರುತ್ತದೆ, ಹಾಡು ಮಾತ್ರ ಕೇಳಿಸುವುದಿಲ್ಲ.

ಮೈಸೂರು, ಮಂಡ್ಯದ ಕಡೆಯ ಕನ್ನಡ ಮನೆಮಾತಿನ ವಿದ್ಯಾರ್ಥಿಗೆ ಇದು ಬೇಗನೆ ಎದುರಾಗುತ್ತದೆ. ಗೀತೆಗಳು ಮುಗಿದು ವರ್ಣ, ಕೃತಿ ಶುರುವಾದ ಕೂಡಲೇ ಕೈಗೆ ಬರುವ ಸಾಹಿತ್ಯದಲ್ಲಿ ಬಹುಪಾಲು ತೆಲುಗು, ಉಳಿದದ್ದರಲ್ಲಿ ಹೆಚ್ಚಿನದು ಸಂಸ್ಕೃತ. ಹಾಡುವವರಿಗೆ ಅರ್ಥ ಗೊತ್ತಿಲ್ಲದಿದ್ದರೂ ಅಕ್ಷರಗಳು ಬಾಯಲ್ಲಿ ಬರುತ್ತವೆ. ವೀಣೆಯವರಿಗೆ ಆ ಆಸರೆಯೂ ಇಲ್ಲ. ಅದಕ್ಕೇ ನನ್ನ ಅಭಿಪ್ರಾಯ ಖಚಿತ: ವೀಣೆ ಪಾಠದ ಜೊತೆಜೊತೆಗೆ ತೆಲುಗು ಪಾಠವೂ ನಡೆಯಬೇಕು, ಮೊದಲ ಕೃತಿ ಹಿಡಿಯುವ ಮುಂಚೆಯೇ.

ಭಾಷೆಯ ಕಡೆ ಹೋಗುವ ಮೊದಲು ವಾದ್ಯದ ಮಾತು. ಮೀಟು ಸ್ಪಷ್ಟವಾಗಿ ಕೇಳಬೇಕಾದರೆ ವೀಣೆ ಸ್ಥಿತಿಯಲ್ಲಿರಬೇಕು. ಏಳು ತಂತಿಗಳಲ್ಲಿ ನಾಲ್ಕು ತಂತಿಗಳು ಮೆಟ್ಟಿಲುಗಳ (ದಂಡಿಯ ಮೇಲಿನ ಲೋಹದ ಅಡ್ಡಪಟ್ಟಿಗಳ) ಮೇಲೆ ಹಾಯುತ್ತವೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಮೂರು ಪಕ್ಕದಲ್ಲಿರುವ ತಾಳದ ತಂತಿಗಳು: ಪಕ್ಕ ಸಾರಣಿ, ಪಕ್ಕ ಪಂಚಮ, ಹೆಚ್ಚು ಸಾರಣಿ. ಶ್ರುತಿ ಸಾಮಾನ್ಯವಾಗಿ ಮೂರು ಮನೆಯ (ಹಾರ್ಮೋನಿಯಂನ ಮೂರನೇ ಬಿಳಿ ಮನೆ) ಆಸುಪಾಸು. ಸಾರಣಿಯನ್ನು ಮಧ್ಯ ಷಡ್ಜಕ್ಕೆ ಸೇರಿಸಿದ ಮೇಲೆ ಉಳಿದವನ್ನು ಒಂದಕ್ಕೊಂದು ತಾಳೆ ನೋಡಬಹುದು. ಪಂಚಮದ ತಂತಿಯನ್ನು ಐದನೇ ಮೆಟ್ಟಿಲಲ್ಲಿ ಒತ್ತಿದರೆ ಬಿಟ್ಟ, ಅಂದರೆ ಎಲ್ಲೂ ಒತ್ತದ, ಸಾರಣಿಯ ಸ್ವರ ಬರಬೇಕು. ಮಂದ್ರವನ್ನು ಏಳನೇ ಮೆಟ್ಟಿಲಲ್ಲಿ ಒತ್ತಿದರೆ ಬಿಟ್ಟ ಪಂಚಮ, ಅನುಮಂದ್ರವನ್ನು ಐದರಲ್ಲಿ ಒತ್ತಿದರೆ ಬಿಟ್ಟ ಮಂದ್ರ. ಸಾರಣಿಯ ಏಳನೇ ಮೆಟ್ಟಿಲು ಪಕ್ಕ ಪಂಚಮಕ್ಕೂ, ಹನ್ನೆರಡನೆಯದು ಹೆಚ್ಚು ಸಾರಣಿಗೂ ಕೂಡಬೇಕು. ಮೊದಲು ತಂಬೂರಿಗೆ ಕಿವಿಯಿಂದ ಸೇರಿಸಿ, ಆಮೇಲೆ ಈ ತಾಳೆ ನೋಡಿ. ಹಿಂದುಮುಂದು ಮಾಡಿದರೆ ಮೇಳದ (ಮೆಟ್ಟಿಲುಗಳ ಜೋಡಣೆಯ) ತಪ್ಪೆಲ್ಲ ಶ್ರುತಿಗೆ ಅಂಟಿಕೊಳ್ಳುತ್ತದೆ.

ಬಿಟ್ಟ ಸಾರಣಿ ಸರಿಯಿದ್ದು ಹನ್ನೆರಡನೇ ಮೆಟ್ಟಿಲು ತಪ್ಪಾಗಿ ಕೇಳಿದರೆ ಬಹಳ ಜನ ತಕ್ಷಣ ಮೇಳ ಕಟ್ಟಿಸಲು ಹೊರಡುತ್ತಾರೆ. ಅದಕ್ಕೆ ಮುಂಚೆ ತಂತಿ ಬದಲಾಯಿಸಿ ನೋಡಿ. ಬೆವರು, ತುಕ್ಕು, ದಿನದ ಎಳೆತದಿಂದ ತಂತಿ ಒಂದು ಕಡೆ ಸವೆದು ಅದರ ದಪ್ಪ ಒಂದೇ ಸಮನಾಗಿ ಉಳಿಯುವುದಿಲ್ಲ. ಆಗ ಕೆಳಗಿನ ಸ್ಥಾಯಿ ಸರಿಯಿದ್ದರೂ ಮೇಲಿನ ಸ್ಥಾಯಿ ಕೂಡುವುದಿಲ್ಲ. ಹೊಸ ತಂತಿಗೂ ಅದೇ ತಪ್ಪು ಬಂದರೆ ಮಾತ್ರ ಮೆಟ್ಟಿಲು ಸರಿದಿದೆ ಎಂದು ಅರ್ಥ.

ಮೆಟ್ಟಿಲು ಸರಿಯುವುದಕ್ಕೆ ಕಾರಣ ಮೇಣ. ದಂಡಿಯ ಎರಡೂ ಬದಿಗೆ ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಟ್ಟಿದ ಏಣು ಇರುತ್ತದೆ, 24 ಮೆಟ್ಟಿಲುಗಳೂ ಅದರಲ್ಲೇ ಕೂತಿರುತ್ತವೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆದರೆ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಮಂಡ್ಯದಿಂದ ಪಾಠಕ್ಕೆ ಮೈಸೂರಿಗೆ ಬರುವವರು ಏಪ್ರಿಲ್ ಬಿಸಿಲಲ್ಲಿ ವೀಣೆಯನ್ನು ಕಾರಿನೊಳಗೆ ಬಿಟ್ಟು ಗಾಜು ಏರಿಸಿ ಊಟಕ್ಕೆ ಹೋದರೆ ಅಷ್ಟೇ ಸಾಕು. ಮೆತ್ತಗಾದ ಮೇಣದ ಮೇಲೆ ತಂತಿಯ ಒತ್ತಡ ಬೀಳುತ್ತದೆ, ಹೆಚ್ಚು ಬಳಸುವ ಮೆಟ್ಟಿಲು ಒಂದು ಕೂದಲಷ್ಟು ಕೆಳಗಿಳಿಯುತ್ತದೆ. ಆಮೇಲೆ ಅದನ್ನು ಒತ್ತಿದಾಗ ತಂತಿ ಮುಂದಿನ ಮೆಟ್ಟಿಲಿಗೆ ತಗುಲಿ ಜಿರ್ ಎನ್ನುತ್ತದೆ. ಮೆಟ್ಟಿಲಿನ ಲೋಹದಲ್ಲಿ ತಂತಿ ಕೊರೆದ ಗೆರೆ ಬಿದ್ದರೂ ಇದೇ ಸದ್ದು. ಉಗುರು ಹಾಯಿಸಿ ನೋಡಿ: ಗೆರೆ ಸಿಕ್ಕರೆ ಅರ ಹಾಕಿ ಹೊಳಪು ಕೊಡಿಸಬೇಕು, ಸಿಗದಿದ್ದರೆ ಮೇಣ ನೋಡಬೇಕು.

ಮೆಟ್ಟಿಲು ಕೂರಿಸುವ ಲೆಕ್ಕ ಮೇಲುನೋಟಕ್ಕೆ ಸುಲಭ. ಕುದುರೆಯಿಂದ (ಕೊಡದ ಮೇಲೆ ತಂತಿ ಹೊರುವ ಆಸರೆ) ಮೇರುವಿನ (ದಂಡಿಯ ಇನ್ನೊಂದು ತುದಿಯ ಆಸರೆ) ತನಕ ತಂತಿ 84 ಸೆಂ.ಮೀ. ಇದ್ದರೆ ತಾರ ಷಡ್ಜ ಕುದುರೆಯಿಂದ 42ರಲ್ಲಿ, ಪಂಚಮ 56ರಲ್ಲಿ, ಶುದ್ಧ ಮಧ್ಯಮ 63ರಲ್ಲಿ ಬರಬೇಕು. ಆದರೆ ಅಳತೆಪಟ್ಟಿ ಹಿಡಿದು ಕೂರಿಸಿದ ಮೇಳ ಕಿವಿಗೆ ಸೇರುವುದಿಲ್ಲ. ಬೆರಳು ಒತ್ತಿದಾಗ ತಂತಿ ಬಿಗಿಯಾಗಿ ಸ್ವರ ಸ್ವಲ್ಪ ಏರುತ್ತದೆ. ಅದನ್ನು ಸರಿತೂಗಿಸಲು ಮೆಟ್ಟಿಲನ್ನು ಯಾಳಿಮುಖದ, ಅಂದರೆ ಮೇರುವಿನ, ಕಡೆಗೆ ತುಸು ಹಿಂದೆ ಸರಿಸಬೇಕು. ಎಷ್ಟು ಎನ್ನುವುದು ತಂತಿಯ ದಪ್ಪ, ಮೆಟ್ಟಿಲಿನ ಎತ್ತರ, ನುಡಿಸುವವರ ಬೆರಳಿನ ಭಾರ ಇವನ್ನೆಲ್ಲ ಅವಲಂಬಿಸಿದೆ. ಹಾಗಾಗಿ ಮೇಳ ಕಟ್ಟುವವರ ಮುಂದೆ ಕೂತು ನಿಮ್ಮ ಬೆರಳಲ್ಲೇ ಒತ್ತಿ ತೋರಿಸಿ. ವೀಣೆ ಕೊಟ್ಟು ಬಂದು ಒಂದು ವಾರ ಬಿಟ್ಟು ತರುವುದಕ್ಕಿಂತ ಅರ್ಧ ದಿನ ಅಲ್ಲೇ ಕೂರುವುದು ಎಷ್ಟೋ ಮೇಲು.

ಕುದುರೆಯ ವಿಷಯ ಚಿಕ್ಕದು, ಪರಿಣಾಮ ದೊಡ್ಡದು. ಅದರ ಮೇಲಿನ ಲೋಹದ ತಟ್ಟೆ ಕಣ್ಣಿಗೆ ಸಮತಟ್ಟಾಗಿ ಕಂಡರೂ ಬಹಳ ನಸುವಾಗಿ ಉಬ್ಬಿರಬೇಕು. ತಂತಿ ಆ ಉಬ್ಬನ್ನು ಸವರಿಕೊಂಡು ಅದುರುವುದರಿಂದಲೇ ನಾದಕ್ಕೆ ಜೀವ ಬರುತ್ತದೆ, ಮೀಟು ಬೇಗ ಸಾಯುವುದಿಲ್ಲ. ತಟ್ಟೆ ಸವೆದು ತಂತಿಯ ಕೆಳಗೆ ಹಳ್ಳ ಬಿದ್ದರೆ ಮೀಟು ಮೊಂಡಾಗುತ್ತದೆ. ಆಗ ಕಾರ್ವೆ (ಸ್ವರದ ಎಳೆತ) ನಿಲ್ಲುವುದಿಲ್ಲ. ನಿಲ್ಲದ ಕಾರ್ವೆಯನ್ನು ಎಳೆಯಲು ವಿದ್ಯಾರ್ಥಿ ಮತ್ತೆ ಮತ್ತೆ ಮೀಟುತ್ತಾನೆ, ಒಂದು ಅಕ್ಷರ ಮೂರು ಅಕ್ಷರವಾಗಿ ಕೇಳುತ್ತದೆ. ಮಗುವಿಗೆ ಸಾಹಿತ್ಯದ ಮೀಟು ಬರುತ್ತಿಲ್ಲ ಎಂದು ಬೈಯುವ ಮೊದಲು ಕುದುರೆ ನೋಡಿ.

ಇನ್ನು ಬಲಗೈ. ತೋರುಬೆರಳು, ನಡುಬೆರಳು ಒಂದಾದ ಮೇಲೆ ಒಂದು ಕೆಳಮುಖವಾಗಿ ಮೀಟಬೇಕು. ಕಿರುಬೆರಳು ತಾಳದ ತಂತಿಗಳನ್ನು ಮೇಲ್ಮುಖವಾಗಿ ಮೀಟಬೇಕು. ಜಾಗ ಕೊನೆಯ ಮೆಟ್ಟಿಲಿಗೂ ಕುದುರೆಗೂ ನಡುವೆ. ಕುದುರೆಗೆ ಹತ್ತಿರ ಹೋದಷ್ಟೂ ನಾದ ತೆಳುವಾಗಿ ಚೂಪಾಗುತ್ತದೆ, ದೂರ ಬಂದಷ್ಟೂ ಮೃದುವಾಗುತ್ತದೆ. ಉದ್ದದ ಅಕ್ಷರದ ಮಧ್ಯೆ ನಾದ ಕುಗ್ಗಿ ಇನ್ನೊಂದು ಮೀಟು ಅನಿವಾರ್ಯವಾದರೆ ಅದು ಮೊದಲಿನದಕ್ಕಿಂತ ಹಗುರವಾಗಿರಬೇಕು, ಉಗುರಿಗಿಂತ ಬೆರಳ ತುದಿಯ ಮಾಂಸ ಹೆಚ್ಚು ತಗುಲಬೇಕು. ಅದು ಹೊಸ ಅಕ್ಷರವಲ್ಲ, ಹಳೆಯದರ ಮುಂದುವರಿಕೆ ಎಂದು ಕೇಳುಗರಿಗೆ ತಿಳಿಯುವುದು ಈ ವ್ಯತ್ಯಾಸದಿಂದ. ಮೈಸೂರು ಬಾನಿಯಲ್ಲಿ (ನುಡಿಸುವ ಶೈಲಿಯಲ್ಲಿ) ಮೀಟಿನ ಸ್ಪಷ್ಟತೆಗೆ ಮೊದಲಿನಿಂದಲೂ ಬೆಲೆ. ವೀಣೆ ಶೇಷಣ್ಣನವರ (1852–1926) ಕಾಲದ ನಂತರ ಬಂದ ವಿ. ದೊರೆಸ್ವಾಮಿ ಅಯ್ಯಂಗಾರರ (1920–1997) ಧ್ವನಿಮುದ್ರಣಗಳನ್ನು ಸಾಹಿತ್ಯದ ಪುಸ್ತಕ ಎದುರಿಗಿಟ್ಟುಕೊಂಡು ಕೇಳಿ. ಯಾವ ಅಕ್ಷರಕ್ಕೆ ಮೀಟು, ಯಾವುದಕ್ಕೆ ಬರೀ ಜಾರು ಎಂದು ಗುರುತು ಹಾಕುತ್ತ ಹೋದರೆ ಅದೇ ಒಂದು ಪಾಠ.

ಈಗ ಒಂದು ಕೃತಿ ಹಿಡಿಯೋಣ, ಎಲ್ಲರಿಗೂ ಕಿವಿ ಪರಿಚಯವಿರುವ ತ್ಯಾಗರಾಜರ ಆಭೇರಿ ರಾಗದ್ದು. ಪಲ್ಲವಿ: ‘ನಗುಮೋಮು ಗನಲೇನಿ ನಾ ಜಾಲಿ ತೆಲಿಸಿ ನನ್ನು ಬ್ರೋವ ರಾದಾ ಶ್ರೀ ರಘುವರ ನೀ’. ಕನ್ನಡ ಬಲ್ಲವರಿಗೆ ಅರ್ಧ ಅರ್ಥವಾದಂತೆ ಅನಿಸುತ್ತದೆ. ಆ ಅರ್ಧದಲ್ಲೇ ತೊಂದರೆ ಇರುವುದು.

‘ಗನಲೇನಿ’ ನಿಘಂಟಿನಲ್ಲಿ ಗಕಾರದ ಕೆಳಗೆ ಸಿಗುವುದಿಲ್ಲ. ಅದು ‘ಕನಲೇನಿ’, ಅಂದರೆ ಕಾಣಲಾರದ. ನಮ್ಮಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವ ಹಾಗೆ ಇಲ್ಲೂ ಕಕಾರ ಗಕಾರವಾಗಿದೆ. ತೆಲುಗು ಕೃತಿಯ ಪದವೊಂದು ಗ, ದ, ವ ಇವುಗಳಿಂದ ಶುರುವಾಗಿ ನಿಘಂಟಿನಲ್ಲಿ ಕಾಣದಿದ್ದರೆ ಕ, ತ, ಪ ಅಡಿಯಲ್ಲಿ ಹುಡುಕಿ, ಬಹುತೇಕ ಸಿಗುತ್ತದೆ. ‘ಜಾಲಿ’ ಎಂದರೆ ನಮ್ಮ ಹೊಲದ ಬದುವಿನ ಮುಳ್ಳಿನ ಮರವಲ್ಲ, ಸಂಕಟ. ‘ನಾ ಜಾಲಿ’ ನನ್ನ ಸಂಕಟ. ‘ನಾಜಾಲಿ’ ಎಂದು ಒಂದೇ ಪದವಾಗಿ ಓದಿದವರು ‘ನಾ’ ಮೇಲೆ ನಿಲ್ಲದೆ ಓಡುತ್ತಾರೆ. ‘ರಾದಾ’ ಎಂದರೆ ಬಾರದೇ. ‘ಬ್ರೋವ ರಾದಾ’ ಕಾಪಾಡಬಾರದೇ ಎಂಬ ಪ್ರಶ್ನೆ. ಇಂಗ್ಲಿಷ್ ಅಕ್ಷರದಲ್ಲಿ ಓದುವವರು ಇಲ್ಲಿ ರಾಧೆಯನ್ನು ತಂದು ಕೂರಿಸುತ್ತಾರೆ, ಏಕೆಂದರೆ ದಕ್ಷಿಣದ ಬರವಣಿಗೆಯಲ್ಲಿ ದಕಾರಕ್ಕೂ ಧಕಾರಕ್ಕೂ ಒಂದೇ ಇಂಗ್ಲಿಷ್ ಜೋಡಿಯನ್ನು ಬಳಸುವ ರೂಢಿ ಇದೆ. ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಕಲಿಯಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಎಲ್ಲಕ್ಕಿಂತ ಮುಖ್ಯ, ಕೊನೆಯ ‘ನೀ’. ನೀನು ಎಂದು ಕನ್ನಡದ ಕಿವಿ ಕೇಳುತ್ತದೆ, ವಾಕ್ಯ ಅಲ್ಲಿಗೆ ಮುಗಿಯಿತೆಂದು ಕೈ ನಿಲ್ಲುತ್ತದೆ. ತೆಲುಗಿನಲ್ಲಿ ಅದು ‘ನಿನ್ನ’. ಪಲ್ಲವಿ ಮರಳಿ ಶುರುವಾದಾಗ ‘ನೀ ನಗುಮೋಮು’, ನಿನ್ನ ನಗುಮೊಗ, ಎಂದು ಕೂಡಿಕೊಳ್ಳಲೆಂದೇ ಆ ಅಕ್ಷರ ಅಲ್ಲಿದೆ. ಹಾಗಾಗಿ ನಿಲುಗಡೆ ‘ರಘುವರ’ದಲ್ಲಿ. ಆಮೇಲೆ ತಾಳದ ತಂತಿ ಮೀಟಿ, ‘ನೀ’ಯನ್ನು ಮುಂದಿನ ಸಾಲಿಗೆ ಸೇರಿಸಿ ಎತ್ತಿಕೊಳ್ಳಬೇಕು. ‘ನೀ’ ಆದ ಮೇಲೆ ಕಿರುಬೆರಳು ಆಡಿಸಿದರೆ ವಾಕ್ಯವನ್ನು ನಡುವೆ ಕಡಿದಂತೆ. ಈ ಒಂದು ಮೀಟಿನ ಜಾಗದಿಂದಲೇ ನುಡಿಸುವವರಿಗೆ ಸಾಹಿತ್ಯ ಗೊತ್ತಿದೆಯೋ ಇಲ್ಲವೋ ಹೇಳಬಹುದು.

ಈ ಪಲ್ಲವಿಯಲ್ಲಿ ಅಕ್ಷರ ಎಣಿಸಿ: 26. ಅಂದರೆ ಸಂಗತಿ (ಅದೇ ಸಾಲಿನ ಬೆಳೆಸಿದ ರೂಪ) ಸೇರಿಸದ ಸರಳ ಪಾಠದಲ್ಲಿ 26 ಮೀಟು. ‘ನನ್ನು’ ಎರಡು, ‘ಬ್ರೋ’ ಒಂದು, ‘ಶ್ರೀ’ ಒಂದು. ಒತ್ತಕ್ಷರಕ್ಕೆ ಬೇರೆ ಮೀಟಿಲ್ಲ, ಅನುಸ್ವಾರಕ್ಕೂ ಇಲ್ಲ. ‘ಎಂದ’ ಎಂಬಲ್ಲಿ ಎ, ನ್, ದ ಎಂದು ಮೂರು ಸಲ ಮೀಟುವುದು ಹೊಸಬರ ಸಾಮಾನ್ಯ ತಪ್ಪು. ಅಲ್ಲಿರುವುದು ಎರಡೇ ಅಕ್ಷರ.

ಸಾಲು ಎಲ್ಲಿ ಶುರು ಎಂಬ ಅನುಮಾನ ಬಂದರೆ ಪ್ರಾಸ ನೋಡಿ. ಹಳಗನ್ನಡ ಓದಿದವರಿಗೆ ಎರಡನೇ ಅಕ್ಷರದ ಪ್ರಾಸ ಗೊತ್ತೇ ಇದೆ. ತೆಲುಗಿನಲ್ಲೂ ಅದೇ ನಿಯಮ. ಪಲ್ಲವಿ ‘ನಗುಮೋಮು’, ಅನುಪಲ್ಲವಿ ‘ನಗರಾಜಧರ’, ಎರಡರಲ್ಲೂ ಎರಡನೇ ಅಕ್ಷರ ಗಕಾರ. ಪುಸ್ತಕದಲ್ಲಿ ಸಾಲನ್ನು ತಾಳದ ಆವರ್ತಕ್ಕೆ ಮುರಿದು ಅಚ್ಚು ಹಾಕಿರುತ್ತಾರೆ, ಪದಕ್ಕಲ್ಲ. ಆಗ ಪದದ ಅಂಚು ಪತ್ತೆ ಮಾಡಲು ಪ್ರಾಸಕ್ಕಿಂತ ಒಳ್ಳೆಯ ಗುರುತಿಲ್ಲ.

ತೆಲುಗು ಕಲಿಯುವುದು ನಮಗೆ ಎಷ್ಟು ಕಷ್ಟ? ಲಿಪಿ ಕಷ್ಟವೇ ಅಲ್ಲ. ಎರಡೂ ಒಂದೇ ಹಳೆಯ ಲಿಪಿಯಿಂದ ಬೆಳೆದವು. ಅ, ಇ, ಗ, ಜ, ದ, ಬ, ರ, ಲ ನೋಡಿದ ಕೂಡಲೇ ಗುರುತು ಸಿಗುತ್ತವೆ. ಹೊಸದಾಗಿ ಕಣ್ಣಿಗೆ ಹಿಡಿಸಿಕೊಳ್ಳಬೇಕಾದದ್ದು ಕ, ತ, ಶ ಮುಂತಾದ ಕೆಲವು, ಮತ್ತೆ ತಲಕಟ್ಟು. ನಮ್ಮದು ಅಡ್ಡ ಕೂರುತ್ತದೆ, ಅವರದು ಮೇಲಕ್ಕೆ ಚಿಮ್ಮುತ್ತದೆ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಕೆಲವೇ ವಾರಗಳಲ್ಲಿ ತಡವರಿಸಿ ಓದಬಹುದು. ಕನ್ನಡ ಲಿಪಿಯಲ್ಲಿ ಅಚ್ಚಾದ ಕೃತಿ ಪುಸ್ತಕಗಳೂ ಒಳ್ಳೆಯವೇ. ತಮಿಳು ಲಿಪಿಯಲ್ಲಿ ಕ, ಗ ಒಂದೇ ಆಗುತ್ತದೆ, ನಾಗರಿಯಲ್ಲಿ ಎಕಾರದ ಹ್ರಸ್ವ ದೀರ್ಘ ಬೆರೆಯುತ್ತದೆ, ಕನ್ನಡದಲ್ಲಿ ಈ ನಷ್ಟ ಇಲ್ಲ. ಆದರೆ ನಮ್ಮ ಕೈಯಲ್ಲಿ ನುಸುಳುವ ತಪ್ಪುಗಳು ಬೇರೆ: ‘ಎವರು’ ‘ಯೆವರು’ ಆಗುತ್ತದೆ, ಲಕಾರ ಇರುವಲ್ಲಿ ಳಕಾರ ಬರುತ್ತದೆ.

ಕಷ್ಟ ಇರುವುದು ಪರಿಚಿತವಾಗಿ ಕಾಣುವ ಪದಗಳಲ್ಲಿ. ತೆಲುಗು ಕೃತಿಯಲ್ಲಿ ‘ನೀವು’ ಬಂದರೆ ಅದು ಬಹುವಚನವಲ್ಲ, ನೀನು ಎಂಬ ಏಕವಚನ. ‘ನೀಕು’ ನಿನಗೆ, ‘ನಾಕು’ ನನಗೆ, ‘ಎವರು’ ಯಾರು, ‘ಎಂತ’ ಎಷ್ಟು, ‘ಲೇದು’ ಇಲ್ಲ, ‘ವಿನು’ ಕೇಳು, ‘ಬ್ರೋಚು’ ಕಾಪಾಡು. ಕೃತಿಗಳಲ್ಲಿ ಪದೇ ಪದೇ ಬರುವ ಇಂಥ ಪದಗಳ ಪಟ್ಟಿ ಬಹಳ ಉದ್ದವಿಲ್ಲ. ಪ್ರತಿ ಕೃತಿಗೂ ಒಂದು ಪುಟ ಮೀಸಲಿಟ್ಟು ಎಡಕ್ಕೆ ಪದ, ಬಲಕ್ಕೆ ಕನ್ನಡ ಬರೆಯುತ್ತ ಹೋಗಿ. ಹತ್ತು ಕೃತಿ ದಾಟುವ ಹೊತ್ತಿಗೆ ಹೊಸ ಪದಗಳು ಕಡಿಮೆಯಾಗುವುದು ಕಣ್ಣಿಗೇ ಕಾಣುತ್ತದೆ. ಸಿ.ಪಿ. ಬ್ರೌನ್ ಅವರ 1852ರ ತೆಲುಗು–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಕೃತಿಗಳ ಭಾಷೆಗೆ ಹೊಸ ನಿಘಂಟುಗಳಿಗಿಂತ ಹೆಚ್ಚು ಒದಗುತ್ತದೆ. ಉಚ್ಚಾರಣೆಗೆ ಮಾತ್ರ ತೆಲುಗು ಮನೆಮಾತಿನವರ ಬಾಯಿಂದ ಕೇಳಬೇಕು: ‘ಜಾಲಿ’ಯ ಜಕಾರ, ‘ಚಾಲ’ದ ಚಕಾರ ನಮ್ಮದರಂತೆ ಅಂಗುಳಿಗೆ ತಾಗುವುದಿಲ್ಲ, ಹಲ್ಲಿನ ಹತ್ತಿರ ಹುಟ್ಟುತ್ತದೆ. ವೀಣೆಯಲ್ಲಿ ಇದು ಕೇಳಿಸದು, ನಿಜ. ಆದರೆ ಹಾಡಿಕೊಂಡೇ ನುಡಿಸಲು ಕಲಿಯಬೇಕಾದ್ದರಿಂದ ಬಾಯಿ ಸರಿಯಿರಲಿ.

ಮೈಸೂರಿನಲ್ಲಿ ಕೂತು ಭಾಷೆ ಕಲಿಯುವುದು ಹೊಸ ಮಾತೇನಲ್ಲ. ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇಲ್ಲಿದೆ. ದಕ್ಷಿಣದ ಭಾಷೆಗಳನ್ನು ಶಿಕ್ಷಕರಿಗೆ ಹತ್ತು ತಿಂಗಳ ಕೋರ್ಸಿನಲ್ಲಿ ಕಲಿಸುವ ಅದರ ಕೇಂದ್ರವೂ ಈ ಊರಿನಲ್ಲೇ ಇದೆ. ಸಂಗೀತದವರಂತೂ ಅದಕ್ಕೂ ಬಹಳ ಹಿಂದಿನಿಂದ ಇದನ್ನು ಮಾಡುತ್ತ ಬಂದಿದ್ದಾರೆ. ಮೈಸೂರು ವಾಸುದೇವಾಚಾರ್ಯರು (1865–1961) ಇಲ್ಲಿಯೇ ಹುಟ್ಟಿ, ಸಂಸ್ಕೃತ ಓದಿ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಪಾಠಕ್ಕೆ ತಿರುವೈಯಾರಿಗೆ ಹೋದವರು. ಕೃತಿಗಳನ್ನು ಹೆಚ್ಚಾಗಿ ತೆಲುಗು, ಸಂಸ್ಕೃತದಲ್ಲಿ ರಚಿಸಿದರು, ನೆನಪುಗಳನ್ನು ಕನ್ನಡದಲ್ಲಿ ಬರೆದರು. ಅವರ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ನುಡಿಸುವಾಗ ಆ ಉದ್ದದ ಪದ ‘ಬ್ರೋಚೇವಾರು ಎವರು ರಾ’ ಎಂದು ಬಿಡಿಸಿಕೊಳ್ಳಬೇಕು. ‘ರೆ’ ಅಕ್ಷರದಲ್ಲಿ ಎರಡು ಪದ ಕೂಡಿವೆ, ಮೀಟು ಒಂದೇ. ‘ಕಾಪಾಡುವವರು ಯಾರಯ್ಯ’ ಎಂಬ ಪ್ರಶ್ನೆಯ ಭಾರ ‘ಎವರು’ ಮೇಲಿರುವುದರಿಂದ ಆ ಮೀಟು ಗಟ್ಟಿಯಾಗಿರಲಿ. ಅತ್ತ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು (1877–1945) ತಮಿಳು ನಾಡಿನಿಂದ ಬಂದು ನಾಲ್ವಡಿಯವರ ಆಸ್ಥಾನದಲ್ಲಿ ಚಾಮುಂಡೇಶ್ವರಿಯ ಮೇಲೆ ಕನ್ನಡ ಕೃತಿಗಳನ್ನು ರಚಿಸಿದರು. ಜಯಚಾಮರಾಜ ಒಡೆಯರ (1919–1974) 94 ಕೃತಿಗಳು ಸಂಸ್ಕೃತದಲ್ಲಿವೆ. ಅವುಗಳ ಸಮಾಸಗಳು ಉದ್ದ. ಸಮಾಸದ ಒಳಗೆ ಎಲ್ಲಿ ಬೇಕೆಂದರಲ್ಲಿ ತಾಳದ ತಂತಿ ಮೀಟಿ ನಿಲ್ಲುವ ಹಾಗಿಲ್ಲ. ಅದಕ್ಕೆ ಮೊದಲು ವಿಗ್ರಹ ಮಾಡಿ, ಅಂದರೆ ಸಮಾಸವನ್ನು ಪದಗಳಾಗಿ ಬಿಡಿಸಿ, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಳ್ಳಬೇಕು, ಸಂಸ್ಕೃತ ಬಲ್ಲವರಿಗೆ ಈ ಊರಿನಲ್ಲಿ ಬರವಿಲ್ಲ.

ಅಭ್ಯಾಸದ ಕ್ರಮ ಹೀಗಿರಲಿ. ವೀಣೆ ಮುಟ್ಟದೆ ಸಾಹಿತ್ಯವನ್ನು ಮಾತಿನಂತೆ ಓದಿ, ಅರ್ಥ ಬರೆದುಕೊಳ್ಳಿ. ಆದಿತಾಳವಾದರೆ ಪುಸ್ತಕದಲ್ಲಿ 32 ಮನೆ ಗೀಚಿ ಮೇಲೆ ಸ್ವರ, ಕೆಳಗೆ ಅಕ್ಷರ ತುಂಬಿ. ಅಕ್ಷರ ಇರುವ ಮನೆಗೆ ಮಾತ್ರ ಚುಕ್ಕೆ ಇಡಿ, ಮೀಟು ಅಲ್ಲಿ ಮಾತ್ರ. ನಂತರ ತಾಳ ಹಾಕುತ್ತ ಹಾಡಿ. ಆಮೇಲೆ ಎಡಗೈ ಬಿಟ್ಟು ಬಿಟ್ಟ ಸಾರಣಿಯ ಮೇಲೆ ಬಲಗೈಯೊಂದರಲ್ಲೇ ಪಲ್ಲವಿಯ ಮೀಟುಗಳನ್ನು ಮೀಟಿ. ಸ್ವರವೇ ಇಲ್ಲದೆ ಬರೀ ಮೀಟಿನ ನಡೆಯಿಂದ ಮನೆಯವರಿಗೆ ಯಾವ ಹಾಡೆಂದು ಗೊತ್ತಾದರೆ ಬಲಗೈ ಸಿದ್ಧ. ಎಡಗೈ ಸೇರಿಸುವುದು ಕೊನೆಗೆ. ಚಿಟ್ಟೆಸ್ವರಕ್ಕೆ (ಕೃತಿಯ ನಡುವೆ ಬರುವ ಬರೀ ಸ್ವರದ ಭಾಗ) ಈ ನಿಯಮ ಇಲ್ಲ, ಅಲ್ಲಿ ಸ್ವರವೇ ಅಕ್ಷರ, ಪ್ರತಿ ಸ್ವರಕ್ಕೂ ಮೀಟು.

ಕನ್ನಡ ರಚನೆಗಳಿಗೆ ಇದೆಲ್ಲ ಬೇಡ, ಭಾಷೆ ಗೊತ್ತಿದೆಯಲ್ಲ ಎನ್ನುವವರಿದ್ದಾರೆ. ದೇವರನಾಮಗಳಲ್ಲೇ ಹೆಚ್ಚು ಎಚ್ಚರ ಬೇಕು ಎಂದು ನನಗನಿಸುತ್ತದೆ. ಅಲ್ಲಿ ಒಂದೇ ಧಾಟಿಗೆ ಮೂರು, ನಾಲ್ಕು ಚರಣ. ಛಂದಸ್ಸು ಮಾತ್ರೆಯದ್ದು, ಐದು ಮಾತ್ರೆಯ ಗಣದಲ್ಲಿ ಮೂರು ಅಕ್ಷರವೂ ಇರಬಹುದು, ಐದೂ ಇರಬಹುದು. ಒಂದೇ ಧಾಟಿ ಎಂದು ಮೊದಲ ಚರಣದ ಮೀಟನ್ನೇ ಎಲ್ಲ ಚರಣಕ್ಕೂ ಹಾಕಿದರೆ ಎರಡನೆಯ ಚರಣದಿಂದ ಸಾಹಿತ್ಯ ಇಲ್ಲವಾಗುತ್ತದೆ, ಕೇಳುಗರಿಗೆ ಒಂದೇ ಚರಣ ನಾಲ್ಕು ಸಲ ಕೇಳುತ್ತದೆ. ಪುರಂದರದಾಸರ ಮಲಹರಿ ಗೀತೆಯಲ್ಲೇ ಇದು ಕಾಣಸಿಗುತ್ತದೆ. ‘ಕೆರೆಯ ನೀರನು’ ಎಂಬಲ್ಲಿ ತ್ರಿಪುಟ ತಾಳದ ಏಳು ಎಣಿಕೆಗೆ ಆರು ಅಕ್ಷರ. ‘ನೀ’ ಎರಡು ಎಣಿಕೆ ತೆಗೆದುಕೊಳ್ಳುತ್ತದೆ, ಎರಡನೆಯದಕ್ಕೆ ಮೀಟಿಲ್ಲ. ಮುಂದೆ ‘ವರವ ಪಡೆದವ’ ಬಂದಾಗ ಅದೇ ಏಳು ಎಣಿಕೆಗೆ ಏಳು ಅಕ್ಷರ, ಏಳು ಮೀಟು. ಗೀತೆ ಕಲಿಸುವಾಗ ಮೊದಮೊದಲು ಪ್ರತಿ ಸ್ವರಕ್ಕೂ ಮೀಟಿಸುವುದು ವಾಡಿಕೆ, ಮಗುವಿನ ಕೈ ಕೂರಲು ಅದು ಬೇಕು. ಕೈ ಕೂತ ಮೇಲೆ ಅದೇ ಗೀತೆಯನ್ನು ಮತ್ತೆ ತೆಗೆದು, ‘ನೀ’ ಮೇಲಿನ ಎರಡನೇ ಮೀಟನ್ನು ಬಿಡಿಸಿ, ಎಡಗೈ ಬೆರಳನ್ನು ಮೆಟ್ಟಿಲಿನಿಂದ ಎತ್ತದೆ ಜಾರಿಸಲು ಹೇಳಿಕೊಡಿ.